ಕಡೀ ಮಾತು ಕೇಳಾಕ ಕಾರ್ಡಿಫಿಗೆ

ಶಹಾಪುರ

ನಾನು ಫಾರಿನ್ನಿಗೆ ಹೋಗಿಬಂದವಳು. ಶಹಾಪುರದಲ್ಲಿ ಈ ಮಾತನ್ನು ನನ್ನ ಬಾಯಿಂದ ಇನ್ನೂ ಕೇಳದವರು ಯಾರಾದರೂ ಇದ್ದರೆ, ಅವರು ಊರಲ್ಲೇ ಇರಲಿಲ್ಲ ಎಂದರ್ಥ. ಬಸ್‌ಸ್ಟ್ಯಾಂಡಿನ ಭಜಿ ಅಂಗಡಿಯವನಿಗೂ ಹೇಳಿದ್ದೇನೆ, ಅವನ ಅಂಗಡಿ ಮುಂದೆ ನಿಂತಿದ್ದ ಎಮ್ಮೆಗೂ ಹೇಳಿದ್ದೇನೆ. ಮಧ್ಯದಲ್ಲಿ ಬಾಯಿ ಹಾಕದೆ ಪೂರ್ತಿ ಕೇಳಿಸಿಕೊಂಡದ್ದು ಎಮ್ಮೆ ಮಾತ್ರ.

ಆದರೆ ಹೋದ ಕಾರಣ ಜಂಬದ್ದಲ್ಲ. ಅಪ್ಪನ ತಂಗಿ ಸುಜಾತಾ ಅತ್ತೆ ನರ್ಸ್ ಆಗಿ ವೇಲ್ಸ್ ದೇಶದ ಕಾರ್ಡಿಫ್ ಎಂಬ ಊರಿಗೆ ಹೋಗಿ, ಅಲ್ಲಿಯ ಇದ್ರಿಸ್ ಎಂಬುವರನ್ನು ಮದುವೆಯಾಗಿ, ನೀಲಾ ಎಂಬ ಮಗಳನ್ನು ಹೆತ್ತು, ಎರಡು ವರ್ಷದ ಹಿಂದೆ ಒಂದು ಸಂಜೆ ಡ್ಯೂಟಿ ಮುಗಿಸಿ ರಸ್ತೆ ದಾಟುವಾಗ ಕಾರು ಬಡಿದು ತೀರಿಕೊಂಡಳು. ಆಗ ನಮಗ್ಯಾರಿಗೂ ಪಾಸ್‌ಪೋರ್ಟ್ ಇರಲಿಲ್ಲ. ನಮ್ಮ ಆಯಿ, ಅಂದರೆ ಅಪ್ಪನ ಅವ್ವ, ಮಗಳನ್ನು ಮಣ್ಣು ಮಾಡುವುದನ್ನು ಅಂಗೈಯಷ್ಟು ಫೋನಿನಲ್ಲಿ ನೋಡಿದಳು.

ನಮ್ಮ ಕಡೆ ಸತ್ತವರ ಮನೆಗೆ ಮಾತಾಡಿಸಲು ಬಂದವರು ಚಾಪೆಯ ಮೇಲೆ ಕೂತ ಕೂಡಲೇ ಒಂದು ಪ್ರಶ್ನೆ ಕೇಳುತ್ತಾರೆ. "ಕಡೀಕ ಏನಂದ್ಳು?" ಸಾಯುವವರು ನೀರು ಕೇಳಿರಬಹುದು, ಮಗನನ್ನು ಕರೆದಿರಬಹುದು, ಎಮ್ಮೆ ಕಟ್ಟಿದಿರೇನು ಅಂದಿರಬಹುದು. ಏನೋ ಒಂದು ಮಾತು ಮನೆಯವರ ಕೈಯಲ್ಲಿ ಉಳಿದಿರಬೇಕು. ಅದನ್ನು ಹೇಳಿ ಹೇಳಿಯೇ ದುಃಖ ಸವೆಯುವುದು. ಆಯಿಯ ಕೈಯಲ್ಲಿ ಆ ಮಾತು ಇರಲಿಲ್ಲ. ಸುರಪುರದ ಅವಳ ತವರಿನವರು ಬಂದು ಕೇಳಿದಾಗಲೆಲ್ಲ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಗೋಡೆ ನೋಡುತ್ತಿದ್ದಳು.

ಅತ್ತೆ ಕೊನೆಗೆ ಫೋನಿನಲ್ಲಿ ಮಾತಾಡಿದ್ದು ಮಗಳ ಜೊತೆ. ಆ ಮಗಳೋ, ಅವ್ವ ಹೋದಾಗಿನಿಂದ ಕನ್ನಡ ಕಿವಿಗೆ ಬಿದ್ದರೆ ಸಾಕು, ಎದ್ದು ಹೋಗುತ್ತಿದ್ದಳು. ವಿಡಿಯೋ ಕಾಲಿನಲ್ಲಿ ನಾವು "ನೀಲಾ, ಚಂದ ಇದ್ದಿಯೇನವ್ವಾ?" ಅನ್ನುವಷ್ಟರಲ್ಲಿ ಖಾಲಿ ಕುರ್ಚಿ ಕಾಣುತ್ತಿತ್ತು.

ಒಂದು ದಿನ ಇದ್ರಿಸ್ ಮಾಮಾ ಫೋನು ಮಾಡಿದರು. ನೀಲಾ ಒಬ್ಬ ಥೆರಪಿಸ್ಟ್ ಹತ್ತಿರ ಹೋಗುತ್ತಿದ್ದಾಳೆ, ಅಜ್ಜಿ ಬರಲಿ ಎಂದು ತಾನಾಗಿಯೇ ಕೇಳಿದ್ದಾಳೆ ಎಂದರು.

"ಥೆರಪಿಸ್ಟ್ ಅಂದ್ರ ಏನು?" ಆಯಿ ಕೇಳಿದಳು.

"ಮನಸಿನ ಡಾಕ್ಟರ್ ಇದ್ದಂಗ. ಮಾತಾಡಿಸಿ ಮಾತಾಡಿಸಿ ಆರಾಮ ಮಾಡ್ತಾರ," ಅಪ್ಪ ಹೇಳಿದ.

"ಬರೇ ಮಾತಾಡಾಕ ಡಾಕ್ಟರ್ ಕಡೆ ಹೋಗ್ತಾರ? ಆ ದೇಶದಾಗ ಬಸ್ಸಿಲ್ಲೇನು?"

ಆಯಿ ಕೇಳಿದ್ದು ಸರಿಯೇ. ಶಹಾಪುರದಿಂದ ಸುರಪುರಕ್ಕೆ ಬಸ್ಸಿನಲ್ಲಿ ಹೋದರೆ ಪಕ್ಕದವಳ ಗರ್ಭಕೋಶದಿಂದ ಹಿಡಿದು ಅವಳ ನಾದಿನಿಯ ನಡತೆಯವರೆಗೆ ಎಲ್ಲ ತಿಳಿಯುತ್ತದೆ, ಇಳಿಯುವಷ್ಟರಲ್ಲಿ ಇಬ್ಬರೂ ಆರಾಮ ಆಗಿರುತ್ತಾರೆ.

ಅಪ್ಪನಿಗೆ ಭೀಮರಾಯನಗುಡಿಯ ಆಫೀಸಿನಲ್ಲಿ ರಜೆ ಸಿಗಲಿಲ್ಲ. ನನಗೆ ಇಂಗ್ಲಿಷ್ ಬರುತ್ತದೆ ಎಂಬ ವದಂತಿ ಊರಲ್ಲಿತ್ತು. ಹಬ್ಬಿಸಿದವಳು ನಾನೇ. ಹಾಗಾಗಿ ಆಯಿಯ ಜೊತೆ ನಾನು ಹೊರಟೆ.

ಹೈದರಾಬಾದ್ ವಿಮಾನ ನಿಲ್ದಾಣ

ಯಾದಗಿರಿ ಸ್ಟೇಷನ್ನಿನಲ್ಲಿ ಅಪ್ಪ ನನಗೆ ಹೇಳಿದ್ದು ಒಂದೇ ಮಾತು: "ಶಾಣ್ಯಾತನ ಮಾಡಬ್ಯಾಡ." ನಾನು ಎಲ್ಲಿ ಮಾಡಿದೆ? ಮಾಡಿದ್ದು ಆಯಿ.

ಬ್ಯಾಗು ಒಳಗೆ ಹೋಗುವ ಯಂತ್ರದ ಪರದೆಯಲ್ಲಿ ಒಂದರ ಮೇಲೊಂದು ದುಂಡನೆಯ ತಟ್ಟೆಗಳು ಕಂಡವು. ಯೂನಿಫಾರಂ ತೊಟ್ಟವನೊಬ್ಬ ಹುಬ್ಬು ಗಂಟಿಕ್ಕಿ, "ಕ್ಯಾ ಹೈ ಅಮ್ಮಾ ಯೆ?" ಎಂದ. ಆಯಿ ಬಾಯಿಂದ ಉತ್ತರ ಕೊಡಲಿಲ್ಲ. ಬ್ಯಾಗು ಬಿಚ್ಚಿ ಒಂದು ಖಡಕ್ ರೊಟ್ಟಿ ತೆಗೆದು ಅವನ ಮೇಜಿನ ಅಂಚಿಗೆ ಹೊಡೆದಳು. ಫಟ್! ಆ ಸದ್ದಿಗೆ ನಾಲ್ಕು ಸಾಲಿನ ಜನ ತಲೆ ತಗ್ಗಿಸಿದರು, ಒಬ್ಬ ಬೂಟಿಲ್ಲದ ಗೃಹಸ್ಥ ಟ್ರೇಯ ಹಿಂದೆ ಕೂತುಬಿಟ್ಟ. ಆಯಿ ಅರ್ಧ ರೊಟ್ಟಿಯನ್ನು ಅಧಿಕಾರಿಯ ಕೈಗಿಟ್ಟು, "ಖಾ ಬಾಬಾ, ಜೋಳದ್ದು" ಅಂದಳು. ಅವನು ತಿನ್ನಲಿಲ್ಲ, ಆದರೆ ಬಿಟ್ಟ. ಸ್ವಲ್ಪ ದೂರ ಹೋಗಿ ತಿರುಗಿ ನೋಡಿದೆ. ತಿನ್ನುತ್ತಿದ್ದ.

ಕಾರ್ಡಿಫ್, ಬಸ್ಸಿನಲ್ಲಿ

ಇದ್ರಿಸ್ ಮಾಮಾನನ್ನು ಫೋನಿನಲ್ಲಿ ಕುತ್ತಿಗೆಯವರೆಗೆ ಮಾತ್ರ ನೋಡಿದ್ದೆವು. ಪೂರ್ತಿ ನೋಡಲು ಆಯಿ ಸೆರಗು ಹಿಡಿದುಕೊಂಡು ತಲೆ ಎತ್ತಬೇಕಾಯಿತು. ಅವರ ಅಪ್ಪ ವೇಲ್ಸಿನವನು, ಅವ್ವ ಸೊಮಾಲಿಯಾದ ಮುಸಲ್ಮಾನಳು. ಇದ್ರಿಸ್ ಎಂಬ ಹೆಸರು ಎರಡೂ ಕಡೆ ಇದೆಯಂತೆ, ಅದಕ್ಕೇ ಜಗಳವಿಲ್ಲದೆ ಇಟ್ಟರಂತೆ. "ನಮ್ಮಲ್ಲೂ ಅದ," ಆಯಿ ಹೇಳಿದಳು. "ನಮ್ಮ ಟೇಲರ್ ಇದ್ರಿಸ್. ಜಂಪರ್ ಬಿಗಿ ಹೊಲಿತಾನ." ಜಂಪರ್ ಅಂದರೆ ಬ್ಲೌಸ್ ಎಂದು ಸೇರಿಸಿ ನಾನು ಅನುವಾದ ಮಾಡಿದೆ. ಮಾಮಾ ಕ್ಷಮೆ ಕೇಳಿದರು.

ಇನ್ನು ನೀಲಾ. ನನಗಿಂತ ಎರಡು ವರ್ಷ ಚಿಕ್ಕವಳು, ಸೊಮಾಲಿ ಅಜ್ಜಿಯ ಗುಂಗುರು ಕೂದಲು, ನಮ್ಮ ಅತ್ತೆಯ ಮೂಗು, ಟೋಪಿ ಇರುವ ದೊಗಳೆ ಅಂಗಿ. ಆಯಿ ಎರಡೂ ಕೈ ಚಾಚಿದಳು. ನೀಲಾ ಒಂದು ಹೆಜ್ಜೆ ಹಿಂದೆ ಸರಿದಳು. ಆಯಿಯ ಕೈ ಗಾಳಿಯಲ್ಲೇ ಉಳಿದು, ಆಮೇಲೆ ತನ್ನ ಸೆರಗನ್ನೇ ಸರಿಮಾಡಿಕೊಂಡಿತು.

ಆ ಊರಿನಲ್ಲಿ ಪ್ರತಿ ಬೋರ್ಡಿನ ಮೇಲೂ ಎರಡು ಭಾಷೆ. ಇಂಗ್ಲಿಷಿನ ಜೊತೆ ಅವರದೇ ವೆಲ್ಶ್ ಭಾಷೆ. ಅದರಲ್ಲಿ ಸ್ವರಾಕ್ಷರಗಳು ಜೋಳದ ಹೊಲದಲ್ಲಿ ಮಾವಿನ ಗಿಡ ಇದ್ದಂತೆ, ಎಲ್ಲೋ ಒಂದು. ಇಂಗ್ಲಿಷಿನಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂದುಕೊಂಡಿದ್ದವಳಿಗೆ ಅವರ ಇಂಗ್ಲಿಷೂ ಹಾಡಿನಂತೆ ಕೇಳಿ ಅರ್ಥವೇ ಆಗಲಿಲ್ಲ. ಆದರೂ ನಾನು ಸೋಲುವವಳಲ್ಲ. ನಮ್ಮ ಸ್ಟಾಪು ಬಂತೆಂದು ಮಾಮಾ ಎದ್ದರು, ಬಸ್ಸು ಮಾತ್ರ ನಿಲ್ಲುವ ಲಕ್ಷಣ ಕಾಣಲಿಲ್ಲ. ನಾನು ನಮ್ಮ ಕಂಡಕ್ಟರುಗಳ ಗಂಟಲಿನಲ್ಲಿ ಕೂಗಿದೆ:

"ಹೋಲ್ಡಾನ್!"

ನಮ್ಮಲ್ಲಿ ಹೋಲ್ಡಾನ್ ಅಂದರೆ ಬಸ್ಸು ನಿಲ್ಲಬೇಕು. ಅಲ್ಲಿ ಬಸ್ಸು ನಿಲ್ಲಲಿಲ್ಲ. ಒಳಗಿದ್ದವರೆಲ್ಲ ಬೆಚ್ಚಿಬಿದ್ದು ಕೈಗೆ ಸಿಕ್ಕ ಕಂಬ, ಕುರ್ಚಿ, ಪಕ್ಕದವರ ತೋಳು ಹಿಡಿದುಕೊಂಡರು. ಒಬ್ಬಾಕೆ ಮಗುವನ್ನು ಎದೆಗವಚಿಕೊಂಡಳು. ಒಬ್ಬ ಮುದುಕ ಕಣ್ಣು ಮುಚ್ಚಿ ಏನೋ ಪ್ರಾರ್ಥಿಸಿದ. ಬಿಗಿಯಾಗಿ ಹಿಡಿದುಕೊಳ್ಳಿ, ಏನೋ ಆಗಲಿದೆ ಎಂದು ನಾನು ಎಚ್ಚರಿಸಿದ್ದೇನೆ ಎಂದು ಅವರ ತಿಳುವಳಿಕೆ. ಏನೂ ಆಗಲಿಲ್ಲ. ಮಾಮಾ ಒಂದು ಕೆಂಪು ಗುಂಡಿ ಒತ್ತಿದರು, ಬಸ್ಸು ಮೆತ್ತಗೆ ನಿಂತಿತು. ಇಳಿಯುವಾಗ ಎಲ್ಲರೂ ಡ್ರೈವರನಿಗೆ ಥ್ಯಾಂಕ್ಯೂ ಹೇಳಿದರು. ಡ್ರೈವರನಿಗೆ! ಬಸ್ಸು ಓಡಿಸಿದ್ದಕ್ಕೆ!

ನೀಲಾ ಟೋಪಿಯೊಳಗೆ ಮುಖ ಹುದುಗಿಸಿಕೊಂಡಿದ್ದಳು. ಭುಜ ಅಲುಗಿದಂತೆ ಕಂಡಿತು. ನಕ್ಕಳೋ ಏನೋ.

ಕ್ಯಾರಿಸ್ ಅವರ ಕೋಣೆ

ಮನಸಿನ ಡಾಕ್ಟರ್ ಅಂದರೆ ಬಿಳಿ ಕೋಟು, ಸೂಜಿ, ಕಟ್ಟಿಹಾಕುವ ಮಂಚ ಎಂದು ನಾನು ಆಯಿಯನ್ನು ದಾರಿಯುದ್ದಕ್ಕೂ ಹೆದರಿಸಿದ್ದೆ. ಬಾಗಿಲು ತೆರೆದವರು ನರೆಗೂದಲ ಜಡೆಯ, ಬೇರೆಬೇರೆ ಬಣ್ಣದ ಕಾಲುಚೀಲ ಹಾಕಿದ್ದ ಒಬ್ಬ ಹೆಂಗಸು. ಹೆಸರು ಕ್ಯಾರಿಸ್. ತಮ್ಮದೇ ಕೋಣೆಯಲ್ಲಿ ತಮ್ಮದೇ ಕುರ್ಚಿ ತೋರಿಸಿ, "ನಾನು ಇಲ್ಲಿ ಕೂರಬಹುದಾ? ಬಾಗಿಲು ತೆರೆದಿಡಲಾ, ಮುಚ್ಚಲಾ?" ಎಂದು ನಮ್ಮನ್ನು ಕೇಳಿದರು. ನಾನು ಹೌಹಾರಿದೆ. ನಮ್ಮ ಕಡೆ ಡಾಕ್ಟರು ತಲೆ ಎತ್ತಿ ಮುಖ ನೋಡಿದರೇ ಊರಿಗೆಲ್ಲ ಹೇಳಿಕೊಂಡು ಬರುತ್ತೇವೆ. ಇಲ್ಲಿ ಕೂರಲು ನಮ್ಮ ಪರವಾನಗಿ!

ಅನುವಾದಕ್ಕೆಂದು ಗೋಡೆಯ ಪರದೆಯಲ್ಲಿ ಒಬ್ಬರು ಕಾಣಿಸಿದರು. ಶ್ರೀಲತಾ ಮೇಡಂ, ಮೈಸೂರು ಕಡೆಯವರು, ಕನ್ನಡ ಬೆಣ್ಣೆಯಂತಿತ್ತು. ಕ್ಯಾರಿಸ್ ಆಯಿಯ ಕಡೆ ತಿರುಗಿ, ನಿಮ್ಮನ್ನು ಏನೆಂದು ಕರೆಯಲಿ ಎಂದರು. ಶ್ರೀಲತಾ ಮೇಡಂ ಅದನ್ನು ಕನ್ನಡಕ್ಕೆ ತರುವ ಮೊದಲೇ ಆಯಿ, ದೊಡ್ಡವರು ಮಾತಾಡಿಸಿದರೆ ಮಾಡಬೇಕಾದ ಹಾಗೆ, ಎದ್ದು ನಿಂತು ಕೈ ಮುಗಿದು "ಜೈ ಭೀಮ್" ಎಂದಳು. ನಮ್ಮ ಬೌದ್ಧರ ಮನೆಗಳಲ್ಲಿ ನಮಸ್ಕಾರ ಅದೇ. ಕ್ಯಾರಿಸ್ ಕೈ ಮುಗಿದು, "ಬಹಳ ಸಂತೋಷ, ಜೈಭೀಮ್," ಎಂದರು. ಅಂದಿನಿಂದ ಆಯಿಯ ಹೆಸರು ಅದೇ ಆಯಿತು. ತಿದ್ದಲು ಹೋದೆ. "ಸುಮ್ನಿರು," ಆಯಿ ನಮ್ಮ ಅಜ್ಜನನ್ನು ನೆನೆದು ಹೇಳಿದಳು, "ಇದಕ್ಕಿಂತ ಚಲೋ ಹೆಸರ ನಿಮ್ಮ ಮುತ್ಯಾನೂ ಇಟ್ಟಿರ್ಲಿಲ್ಲ."

ಮೇಜಿನ ಮೇಲೆ ಒಂದು ಬುಟ್ಟಿ ತುಂಬ ಕಲ್ಲುಗಳಿದ್ದವು. ಮಾತಾಡುವಾಗ ಎದೆ ಭಾರವಾದರೆ ಒಂದನ್ನು ಕೈಯಲ್ಲಿ ಹಿಡಿದುಕೊಳ್ಳಲಿ ಎಂದು ಇಟ್ಟದ್ದು. ಯಾರೂ ಹೇಳುವ ಮೊದಲೇ ಆಯಿ ಒರಟಾದ ಒಂದನ್ನು ಆರಿಸಿ, ಚಪ್ಪಲಿ ಕಳಚಿ, ಹಿಮ್ಮಡಿ ತಿಕ್ಕಲು ಶುರುಮಾಡಿದಳು. "ಎಂಥಾ ಚಲೋ ಕಲ್ಲ! ಬಂದವರ ಕಾಲಿನ ಚಿಂತಿ ಸೈತ ಮಾಡ್ತಾರ ನೋಡು." ನಾನು ನೆಲದೊಳಗೆ ಇಳಿದುಹೋಗಲು ಜಾಗ ಹುಡುಕಿದೆ. ಕ್ಯಾರಿಸ್ ನಗಲೂ ಇಲ್ಲ, ತಡೆಯಲೂ ಇಲ್ಲ. ಆಯಿಯ ಹಿಮ್ಮಡಿ ಮುಗಿಯುವವರೆಗೆ ಕಾದರು. ಅಷ್ಟು ಓದಿದವರು, ಒಂದು ಹಿಮ್ಮಡಿಗಾಗಿ ಕಾದರು! ಆಯಿ ಎರಡನೆಯದನ್ನೂ ತಿಕ್ಕಿಕೊಂಡಳು.

ಆಮೇಲೆ ಅವರು ಹೇಳಿದ್ದು ನನಗೆ ಅರ್ಥವಾದಷ್ಟು ಇದು. ಹಿಂದೆ ಯಾರೋ ಮಾಮಾನಿಗೆ ಸಲಹೆ ಕೊಟ್ಟಿದ್ದರಂತೆ: ಕನ್ನಡ ಕೇಳಿದರೆ ಹುಡುಗಿಗೆ ಸಂಕಟವಾಗುತ್ತಿದ್ದರೆ ಬಿಟ್ಟುಬಿಡಿ, ಇಂಗ್ಲಿಷ್ ಸಾಕು. ಕ್ಯಾರಿಸ್ ಹಾಗಲ್ಲ. "ನೀಲಾ ವೆಲ್ಶ್ ಹುಡುಗಿ, ಸೊಮಾಲಿ ಹುಡುಗಿ, ನಿಮ್ಮ ಊರಿನ ಹುಡುಗಿ. ಮೂರರಲ್ಲಿ ಒಂದನ್ನು ಖಾಲಿ ಮಾಡಿಸಿ ಉಳಿದದ್ದನ್ನು ಗುಣಪಡಿಸೋದು ನನ್ನ ಕೆಲಸ ಅಲ್ಲ. ನೋವು ಕನ್ನಡದಲ್ಲಿ ಆಗಿದ್ದರೆ ಅದರ ಹತ್ತಿರ ಕನ್ನಡದಲ್ಲೇ ಹೋಗಬೇಕಾಗಬಹುದು. ಆದರೆ ಯಾವಾಗ ಅನ್ನೋದನ್ನು ನೀಲಾ ಹೇಳಬೇಕು, ನಾವಲ್ಲ."

ಆಯಿ ತಲೆಯಾಡಿಸಿ, ಪರದೆಯ ಕಡೆ ನೋಡಿ ಹೇಳಿದಳು: "ನನ್ನ ಮಗಳ ಮಾರಿ ಸೈತ ನೋಡ್ಲಿಲ್ರಿ ನಾ."

ಶ್ರೀಲತಾ ಮೇಡಂ ಮುಂದೆ ಬಾಗಿದರು. "ಮಾರಿ ಅಂದ್ರೆ... ಮಾರಮ್ಮ ದೇವಿನಾ, ಅಮ್ಮ?"

ನಮ್ಮ ಕಡೆ ಮಾರಿ ಅಂದರೆ ಮುಖ. ನನಗೆ ತಡೆಯಲಾಗಲಿಲ್ಲ. ಎದ್ದು ನಿಂತು, ಕೈ ಬೀಸಿ, ಇಂಗ್ಲಿಷಿನಲ್ಲಿ ಸರಿಯಾದ ಅನುವಾದ ಕೊಟ್ಟೆ, ಜೊತೆಗೆ ಭಾಷಾಶಾಸ್ತ್ರದ ಒಂದು ಟಿಪ್ಪಣಿಯನ್ನೂ ಕೊಟ್ಟೆ. ಚಪ್ಪಾಳೆಗೆ ಕಾಯುತ್ತಿದ್ದೆ. ಕ್ಯಾರಿಸ್ ಮೆತ್ತಗೆ ಹೇಳಿದರು, "ಗೌತಮಿ, ನಿನ್ನ ಇಂಗ್ಲಿಷ್ ಚೆನ್ನಾಗಿದೆ. ಆದರೆ ಈ ಮಾತುಗಳನ್ನು ಹೊತ್ತು ಸಾಗಿಸೋ ಕೆಲಸ ನಿನ್ನದಾಗೋದು ಬೇಡ. ಹೋದವರು ನಿನಗೂ ಅತ್ತೆ ಅಲ್ವಾ?"

ನಾನು ಕೂತೆ. ಎರಡು ವರ್ಷದಲ್ಲಿ ಅದನ್ನು ಯಾರೂ ನನ್ನನ್ನು ಕೇಳಿರಲಿಲ್ಲ. ಬುಟ್ಟಿಯಿಂದ ಒಂದು ಕಲ್ಲು ತೆಗೆದುಕೊಂಡೆ, ಸುಮ್ಮನೆ, ಅದರ ಬಣ್ಣ ನೋಡಲು.

ಆಗ ಆಯಿ ತಡೆಯಲಾರದೆ, ಪರದೆಯನ್ನೂ ಕ್ಯಾರಿಸ್‌ರನ್ನೂ ಬಿಟ್ಟು, ನೇರವಾಗಿ ನೀಲಾಳ ಕಡೆ ತಿರುಗಿದಳು. "ನನ್ನವ್ವಾ, ಒಂದ ಮಾತ ಹೇಳು. ಕಡೀಕ ನಿಮ್ಮವ್ವ ಏನಂದ್ಳು?"

ಅನುವಾದ ಬೇಕಾಗಲಿಲ್ಲ. ನೀಲಾ ಬಿಳುಚಿಕೊಂಡಳು. ಎದ್ದಳು. ಬಾಗಿಲು ತೆರೆದೇ ಇತ್ತು.

"ನಾ ಏನ್ ತಪ್ಪ ಕೇಳಿದೆ?" ಆಯಿ ನನ್ನ ತೋಳು ಹಿಡಿದುಕೊಂಡಳು. ಅವಳ ಉಗುರು ಅಂಗಿಯ ಮೇಲಿಂದಲೂ ತಾಕುತ್ತಿತ್ತು.

ಸಮುದ್ರದ ದಂಡೆ

ಕಾರ್ಡಿಫಿನ ಸಮುದ್ರ ತೋರಿಸಲು ಮಾಮಾ ಕರೆದೊಯ್ದರು. ನೀರಿಗೆ ಅಡ್ಡ ಕಟ್ಟೆ ಕಟ್ಟಿ ನಿಲ್ಲಿಸಿದ್ದಾರೆ. ಆಯಿ ನೋಡಿ, "ಹತ್ತಿಕುಣಿ ಡ್ಯಾಮ್ ಇದ್ದಂಗ ಅದ. ಇಷ್ಟಕ್ಕ ವಿಮಾನ ಹತ್ತಬೇಕಿತ್ತೇನು?" ಎಂದಳು. ಬೇಸಿಗೆ ಎಂದು ಹೇಳಿಕೊಳ್ಳುವ ಅಲ್ಲಿಯ ಗಾಳಿಗೆ ನನ್ನ ಕಿವಿ ಉದುರಿಹೋಗಿವೆಯೇನೋ ಎಂದು ಮುಟ್ಟಿ ಮುಟ್ಟಿ ನೋಡಿಕೊಳ್ಳುತ್ತಿದ್ದೆ. ಪಕ್ಕದಲ್ಲಿ ಅರ್ಧ ಚಡ್ಡಿಯ ಗಂಡಸರು ಐಸ್‌ಕ್ರೀಂ ತಿನ್ನುತ್ತಿದ್ದರು.

ಆಯಿ ಬೆಂಚಿನ ಮೇಲೆ ಒಬ್ಬ ಬಿಳಿ ಮುದುಕಿಯ ಪಕ್ಕ ಕೂತಳು. ಆ ಮುದುಕಿ ತನ್ನ ಭಾಷೆಯಲ್ಲಿ ಶುರುಮಾಡಿದಳು, ಆಯಿ ನಮ್ಮದರಲ್ಲಿ. ಇಬ್ಬರೂ ಮಂಡಿ ತೋರಿಸಿಕೊಂಡರು, ಇಬ್ಬರೂ ಆಕಾಶ ನೋಡಿ ತಲೆಯಾಡಿಸಿದರು. ನನ್ನ ಇಂಗ್ಲಿಷಿನಿಂದ ಒಂದು ಬಾಟಲಿ ನೀರು ಕೇಳಿ ಪಡೆಯಲು ಆಗದ ಊರಿನಲ್ಲಿ ಆಯಿ ಇಂಗ್ಲಿಷಿಲ್ಲದೆ ಒಂದು ಮಿಠಾಯಿ ಸಂಪಾದಿಸಿದಳು.

ಎದ್ದು ಬಂದು ಆಶ್ಚರ್ಯದಿಂದ ಹೇಳಿದಳು, "ಇಷ್ಟ ಮಾತಾಡಿದ್ಳು ನೋಡು, ಯಾರ ಪೈಕಿ ಅಂತ ಒಂದ ಸಲ ಕೇಳ್ಲಿಲ್ಲ. ಇಲ್ಲಿಗಿ ಬಂದಾಗಿಂದ ಒಬ್ರೂ ಕೇಳಿಲ್ಲ. ಸುರಪುರದಾಗ ನೀರು ಕೊಡೂದಕ್ಕಿಂತ ಮೊದ್ಲ ಕೇಳ್ತಿದ್ರು."

ನೀಲಾ ನನ್ನ ಪಕ್ಕದಲ್ಲಿ ದಂಡೆಯ ಕಂಬಿ ಹಿಡಿದು ನಿಂತಿದ್ದಳು. ಆಯಿ ಏನಂದಳು ಎಂದು ಕಣ್ಣಲ್ಲೇ ಕೇಳಿದಳು. ನಾನು ಇಂಗ್ಲಿಷಿನಲ್ಲಿ ಹೇಳಿದೆ: ನಮ್ಮ ಕಡೆ ಜಾತಿ ತಿಳಿಯಲು ಹಾಗೆ ಕೇಳುತ್ತಾರೆ.

"ನನ್ನನ್ನ ದಿನಾ ಕೇಳ್ತಾರೆ," ನೀಲಾ ನನಗೆ ತಿಳಿಯುವಂತೆ ಬಿಡಿಸಿ ಬಿಡಿಸಿ ಇಂಗ್ಲಿಷಿನಲ್ಲಿ ಅಂದಳು. "ಎಲ್ಲಿಯವಳು ಅಂತ. ಕಾರ್ಡಿಫ್ ಅಂದರೆ, ಅದಲ್ಲ, ನಿಜವಾಗಿ ಎಲ್ಲಿಯವಳು ಅಂತಾರೆ. ಅಮ್ಮನ ಊರು ಶಹಾಪುರ ಅಂತ ಹೇಳ್ತಿದ್ದೆ. ಈಗ ಹೇಳೋಕೆ ನನಗೆ ಹಕ್ಕಿಲ್ಲ ಅನ್ಸುತ್ತೆ."

"ಯಾಕೆ ಹಕ್ಕಿಲ್ಲ?"

ಅವಳು ನೀರು ನೋಡಿದಳು. "ಅಮ್ಮ ಕೊನೆಗೆ ಹೇಳಿದ್ದು ನನಗೆ ಗೊತ್ತು. ಅದು ತುಂಬ ಕೆಟ್ಟದ್ದು. ಅದನ್ನ ಅಜ್ಜಿಗೆ ಹೇಳಿದರೆ ಅವರು ನನ್ನ ಮುಖ ನೋಡಲ್ಲ. ಹೇಳದಿದ್ದರೆ ಹೀಗೆ ಕೇಳ್ತಾನೇ ಇರ್ತಾರೆ." ಆಮೇಲೆ ಹೇಳಿದಳು, "ನಾಳೆ ಆ ಕೋಣೆಯಲ್ಲಿ ಹೇಳ್ತೀನಿ. ನೀನು ಬಾಯಿ ಮುಚ್ಚಿಕೊಂಡಿರಬೇಕು."

ಜೀವನದಲ್ಲಿ ಮೊದಲ ಸಲ ನಾನು ಒಂದು ಇಡೀ ಸಂಜೆ ಬಾಯಿ ಮುಚ್ಚಿಕೊಂಡಿದ್ದೆ. ಆಯಿ ನನಗೆ ಜ್ವರ ಬಂದಿದೆ ಎಂದು ಹಣೆ ಮುಟ್ಟಿ ನೋಡಿದಳು.

ಮತ್ತೆ ಆ ಕೋಣೆ

ನೀಲಾ ಬಾಗಿಲ ಪಕ್ಕದ ಕುರ್ಚಿ ಆರಿಸಿಕೊಂಡಳು. ಮಾಮಾ ಕಿಟಕಿಯ ಹತ್ತಿರ, ಆಯಿ ಎದುರಿಗೆ. ಅಜ್ಜಿಗೆ ಇದನ್ನು ಕೇಳುವ ಮನಸ್ಸಿದೆಯಾ, ನಡುವೆ ಬೇಡ ಎನಿಸಿದರೆ ಕೈ ಎತ್ತಬಹುದು ಎಂದು ಕ್ಯಾರಿಸ್ ಹೇಳಿದರು. ಆಯಿ ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡಳು.

ನೀಲಾ ಇಂಗ್ಲಿಷಿನಲ್ಲಿ ಶುರುಮಾಡಿದಳು. ಅಂದು ಸಂಜೆ ಅಮ್ಮ ಆಸ್ಪತ್ರೆಯಿಂದ ಹೊರಡುವ ಮೊದಲು ಫೋನು ಮಾಡಿದ್ದಳು. ಒಂದು ಮಾತು ಹೇಳಿ, ಏನೋ ವಿಚಿತ್ರ ಸದ್ದು ಮಾಡಿ, ಫೋನು ಇಟ್ಟುಬಿಟ್ಟಳು. ಆಮೇಲೆ ಪೊಲೀಸರು ಮನೆಗೆ ಬಂದರು. ಆ ಮಾತಿನ ಅರ್ಥ ತನಗೆ ಗೊತ್ತಿರಲಿಲ್ಲ, ಪದಗಳು ಕಿವಿಗೆ ಬಿದ್ದ ರೀತಿ ಮಾತ್ರ ನೆನಪಿತ್ತು. ಎಷ್ಟೋ ದಿನದ ಮೇಲೆ ಫೋನಿನ ಅನುವಾದದ ಆ್ಯಪ್‌ಗೆ ಹೇಳಿ ಅರ್ಥ ಕೇಳಿದೆ ಎಂದಳು.

"ಆ ಮಾತನ್ನ ಹೇಳ್ತೀಯಾ? ಬೇಡ ಅನ್ಸಿದರೆ ಬೇಡ," ಕ್ಯಾರಿಸ್ ಕೇಳಿದರು.

ನೀಲಾ ಕಣ್ಣು ಮುಚ್ಚಿದಳು. ಅವಳ ಬಾಯಿಂದ ನಾನು ಕೇಳಿದ ಮೊದಲ ಕನ್ನಡ ಇದು:

"ನಿನ್ನ ಹೆಣಾ ಎತ್ಲಿ."

ಪರದೆಯಲ್ಲಿ ಶ್ರೀಲತಾ ಮೇಡಂ ಕೈ ಬಾಯಿಗೆ ಹೋಯಿತು. ಮಾಮಾ ಅವರ ಕಡೆ ನೋಡಿದರು. ಅವರು ಸಾವರಿಸಿಕೊಂಡು ಹೇಳಿದರು, "ಪದದ ಅರ್ಥ, ಜನ ನಿನ್ನ ಹೆಣ ಎತ್ತಿಕೊಂಡು ಹೋಗಲಿ ಅಂತ. ಆದರೆ ಅವರ ಊರಿನಲ್ಲಿ ಅದನ್ನ ಯಾವಾಗ ಅಂತಾರೋ ನನಗೆ ಗೊತ್ತಿಲ್ಲ. ಅಜ್ಜಿಯನ್ನೇ ಕೇಳೋದು ಒಳ್ಳೇದು."

"ನನ್ನ ಹೆಣ ಎತ್ತಲಿ ಅಂದಳು," ನೀಲಾ ಹೇಳಿದಳು. "ಆಮೇಲೆ ಅವಳದನ್ನೇ ಎತ್ತಿದರು."

ನನ್ನ ನಾಲಿಗೆಯ ತುದಿಗೆ ಹತ್ತು ಮಾತು ಬಂದವು. ಕಲ್ಲನ್ನು ಎಷ್ಟು ಬಿಗಿಯಾಗಿ ಹಿಡಿದೆನೆಂದರೆ ಆಮೇಲೆ ಬೆರಳು ಬಿಡಿಸಲು ಕಷ್ಟವಾಯಿತು. ಮಾತು ಕೊಟ್ಟಿದ್ದೆ. ಆಯಿ ತೊಡೆಯ ಕೆಳಗಿಂದ ಕೈ ತೆಗೆಯಲಿಲ್ಲ. ಮಗಳ ಕಡೀ ಮಾತು ಕೊನೆಗೂ ಸಿಕ್ಕಿತು, ಸಿಕ್ಕಿದ್ದು ಇದು.

ಕ್ಯಾರಿಸ್ ಅವಸರ ಮಾಡಲಿಲ್ಲ. "ನೀಲಾ, ಅಮ್ಮ ಅದನ್ನ ಅನ್ನೋ ಮೊದಲು ಏನಾಯ್ತು? ಫೋನಿನಲ್ಲಿ ನೀನು ಏನು ಹೇಳಿದೆ?"

"ಏನಿಲ್ಲ. ಅಪ್ಪ ಏನು ಮಾಡ್ತಿದಾನೆ ಅಂತ ಕೇಳಿದಳು. ಕನ್ನಡದಲ್ಲೇ ಹೇಳು ಅಂದಳು, ಯಾವಾಗಲೂ ಹಾಗೇ ಅನ್ನೋಳು. ಆಗ ನಮ್ಮಲ್ಲಿ ಒಂದು ನಾಯಿ ಇತ್ತು. ಅಪ್ಪ ನಾಯಿಗೆ ಊಟ ಹಾಕಿದಾನೆ ಅಂತ ಹೇಳಿದೆ, ಅಷ್ಟೇ."

"ಕನ್ನಡದಾಗ ಹ್ಯಾಂಗ ಅಂದಿ?" ಅನುವಾದ ಮುಗಿದ ಕೂಡಲೇ ಆಯಿ ಕೇಳಿದಳು. "ಅಂದಂಗ ಅನ್ನು."

ನೀಲಾ ಯೋಚಿಸಿದಳು. "ಅಪ್ಪ ನಾಯಿ ತಿಂದಾನ."

ಆಯಿ ಕುರ್ಚಿಯಲ್ಲೇ ಮುಂದೆ ಬಾಗಿದಳು.

"ಏನ್? ಇನ್ನೊಮ್ಮಿ ಅನ್ನು."

"ಅಪ್ಪ... ನಾಯಿ ತಿಂದಾನ."

ಆಯಿಯ ಬಾಯಿ ತೆರೆಯಿತು. ಸದ್ದಿಲ್ಲ. ಎದೆ ಮೇಲೆ ಕೆಳಗೆ ಆಡಿತು, ನೀರು ಬಾರದ ಬೋರಿಂಗನ್ನು ಯಾರೋ ಹೊಡೆಯುತ್ತಿದ್ದಂತೆ ಹಃ ಹಃ ಹಃ ಎಂದು ಬರೀ ಗಾಳಿ ಬಂತು. ಕಣ್ಣಲ್ಲಿ ನೀರು ಬಂತು. ಇದು ನಮ್ಮ ಮನೆತನದ ನಗೆ. ಹೊರಗಿನವರು ನೋಡಿದರೆ ಆಂಬುಲೆನ್ಸಿಗೆ ಫೋನು ಮಾಡುತ್ತಾರೆ. ಕ್ಯಾರಿಸ್ ಅರ್ಧ ಎದ್ದಿದ್ದರು. ಆಯಿ ತೊಡೆಗೆ ರಪ್ಪನೆ ಹೊಡೆದುಕೊಂಡು, ಉಸಿರು ಸಿಕ್ಕಾಗ, ನೀಲಾಳ ಕಡೆ ಕೈ ಮಾಡಿ ಕೂಗಿದಳು:

"ನಾಯಿ ತಿಂದಾನ! ನಿನ್ನ ಹೆಣಾ ಎತ್ಲಿ, ಹುಡುಗಿ! ಹೊಟ್ಟಿ ಹರಿತಲ್ಲೇ ನಂದು!"

ಹಃ ಹಃ ಹಃ.

ನೀಲಾ ಎದ್ದು ನಿಂತಿದ್ದಳು. ಗೋಡೆಗೆ ಒರಗಿ ಆಯಿಯನ್ನೇ ನೋಡುತ್ತಿದ್ದಳು. "ಆ ಸದ್ದು," ಅಂದಳು. "ಅಪ್ಪಾ, ಆ ಸದ್ದು! ಅಮ್ಮ ಅದೇ ಸದ್ದು ಮಾಡಿದ್ದು. ಅಳ್ತಿದಾಳೆ ಅಂದುಕೊಂಡಿದ್ದೆ."

ಮಾಮಾ ಏನೂ ತಿಳಿಯದೆ ಎಲ್ಲರ ಮುಖ ನೋಡುತ್ತಿದ್ದರು. ಸುಜಾತಾ ತಮ್ಮ ಮನೆಯಲ್ಲಿ ಯಾವತ್ತೂ ಹೀಗೆ ನಕ್ಕದ್ದೇ ಇಲ್ಲ, ಬಾಯಿಗೆ ಕೈ ಅಡ್ಡ ಹಿಡಿದು ಮೆಲ್ಲಗೆ ನಗುತ್ತಿದ್ದಳು, ಇಲ್ಲಿಗೆ ಬಂದ ಹೊಸದರಲ್ಲಿ ವಾರ್ಡಿನಲ್ಲಿ ಯಾರೋ ಅವಳ ನಗೆ ಕೇಳಿ ಆಡಿಕೊಂಡಿದ್ದರು ಎಂದರು. ಆಮೇಲೆ, "ನನ್ನ ಬಗ್ಗೆ ಏನಂತಿದಾರೆ?" ಎಂದು ಕೇಳಿದರು.

ಶ್ರೀಲತಾ ಮೇಡಂ ವೃತ್ತಿಗೆ ತಕ್ಕಂತೆ ಗಂಭೀರವಾಗಿ ಉತ್ತರಿಸಿದರು: "ನೀವು ನಾಯಿಯನ್ನು ತಿಂದಿದ್ದೀರಿ ಅಂತ, ಸರ್."

ಆಯಿ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಈಗ ಬರುತ್ತಿದ್ದದ್ದು ಬೇರೆ ನೀರು. "ಸಿಟ್ಟೀಲೆ ಯಾರ ಅಂತಾರವ್ವಾ ಅದನ್ನ? ಸಿಟ್ಟ ಬಂದ್ರ ನಾವು ಮಾತ ಆಡಂಗಿಲ್ಲ. ನಗಿಸಿ ನಗಿಸಿ ಜೀವಾ ತಿಂದವರಿಗೆ ಅಂತೀವಿ. ನನಗಾ ಅಂದಿದ್ದು ಅಂತ ಕೊಸರಾಡಿ ಸಂಜೀತನಕ ಮತ್ತ ನಗ್ತೀವಿ." ಆಮೇಲೆ ತನಗೆ ತಾನೇ, ಕೇಳಿಯೂ ಕೇಳದಂತೆ, "ನಕ್ಕೋಂತ ಹೋಗ್ಯಾಳ ನನ್ನ ಮಗಳು" ಎಂದಳು.

ಶ್ರೀಲತಾ ಮೇಡಂ ಅದನ್ನು ನಿಧಾನವಾಗಿ ಇಂಗ್ಲಿಷಿಗೆ ತಂದರು.

ಆಯಿ ಎದ್ದು ನೀಲಾಳ ಮುಂದೆ ನಿಂತಳು. ಕೈ ಎತ್ತಿದವಳು ತಡೆದುಕೊಂಡಳು. ಮೊಮ್ಮಕ್ಕಳನ್ನು ಕಿವಿ ಹಿಡಿದು ಎಳೆದುಕೊಳ್ಳುವ ಆಯಿ ಅಂದು ಕೇಳಿದಳು: "ನಿನ್ನ ತಲಿ ಮ್ಯಾಲ ಕೈ ಇಡ್ಲೇನವ್ವಾ?"

ಮೊಮ್ಮಗಳ ಪರವಾನಗಿ! ನನ್ನ ತಲೆಯನ್ನು ಇಷ್ಟು ವರ್ಷ ಯಾರೂ ಏನೂ ಕೇಳಿರಲಿಲ್ಲ.

ನೀಲಾ ಟೋಪಿ ಹಿಂದಕ್ಕೆ ಸರಿಸಿದಳು.

ಮಾಮಾನ ಅಡಿಗೆಮನೆ

ಒಂದೇ ನಗೆಗೆ ಎಲ್ಲ ಗುಣವಾಯಿತು ಎಂದು ನಾನು ಘೋಷಿಸಿದೆ. ಕ್ಯಾರಿಸ್ ಒಪ್ಪಲಿಲ್ಲ. ನೀಲಾ ಇನ್ನೂ ಬರುತ್ತಾಳೆ, ಅಳುವುದಿನ್ನೂ ಬಾಕಿ ಇದೆ, ಎರಡು ವರ್ಷ ಹೆದರಿದ್ದ ಮೈ ಅಷ್ಟು ಬೇಗ ನಂಬುವುದಿಲ್ಲ ಎಂದರು. ಅದು ನಿಜ. ಆ ರಾತ್ರಿಯೂ ನೀಲಾ ಬೆಚ್ಚಿ ಎದ್ದಳು. ಆದರೆ ಆಯಿಯ ಹಾಸಿಗೆಗೆ ಬಂದಳು.

ಹೊರಡುವ ಹಿಂದಿನ ದಿನ ಅಪ್ಪನಿಗೆ ವಿಡಿಯೋ ಕಾಲ್ ಮಾಡಿದೆವು. ನಾವು ಅವನಿಗೆ ಏನೂ ಹೇಳಿರಲಿಲ್ಲ; ತನ್ನ ಸೋದರಮಾವನಿಗೆ ತಾನೇ ಹೇಳುತ್ತೇನೆ, ಕನ್ನಡದಲ್ಲೇ ಹೇಳುತ್ತೇನೆ ಎಂದು ನೀಲಾ ಹಟ ಹಿಡಿದಿದ್ದಳು. ನನಗೆ ಖುಷಿಯಾಯಿತು. ಮೇಜಿಗೆ ಕೂರಿಸಿ ಪಾಠ ಶುರುಮಾಡಿದೆ: "ನಾಯಿ ತಿಂದಾನ ಅಲ್ಲ. ನಾಯಿಗಿ ತಿನಿಸ್ಯಾನ. ಅನ್ನು, ತಿ-ನಿ-ಸ್ಯಾ-ನ."

ತೊಡೆಗೆ ಚುರ್ ಎಂದಿತು. ಆಯಿ ಚಿವುಟಿದ್ದಳು.

"ತಿದ್ದಿದಿ ಅಂದ್ರ ನೋಡು! ನನ್ನ ಮಗಳು ಕಡೀಕ ಕೇಳಿದ್ದು ಅದನ್ನ. ಅದರಾಗ ಒಂದ ಅಕ್ಷರ ಮುಟ್ಟಬ್ಯಾಡ."

ಫೋನಿನಲ್ಲಿ ಅಪ್ಪ ಬಂದ, ಆಫೀಸಿನ ಅಂಗಿಯಲ್ಲೇ ಇದ್ದ. ನೀಲಾಳ ಮುಖ ಕಂಡು ಫೋನನ್ನು ಕಣ್ಣಿನ ಹತ್ತಿರ ತಂದ. ಎದ್ದುಹೋಗುವ ಹುಡುಗಿ ಎದುರಿಗೆ ಕೂತಿದ್ದಳು.

"ಮಾಮಾ," ನೀಲಾ ಅಂದಳು. ಒಂದೊಂದೇ ಪದ ಎತ್ತಿಟ್ಟಳು. "ಅಮ್ಮ ಫೋನ್ ಮಾಡ್ದ. ನಾ ಹೇಳ್ದ, ಅಪ್ಪ ನಾಯಿ ತಿಂದಾನ. ಅಮ್ಮ ಹೇಳ್ದ, ನಿನ್ನ ಹೆಣಾ ಎತ್ಲಿ. ಅಮ್ಮ ನಕ್ಕ. ಕಡೀ ಮಾತು ಅದು."

ಅವ್ವನನ್ನು ಗಂಡಸು ಮಾಡಿ, ತನ್ನನ್ನೂ ಗಂಡಸು ಮಾಡಿ, ವ್ಯಾಕರಣವನ್ನು ಪೂರ್ತಿ ಮಣ್ಣು ಮಾಡಿದ್ದಳು. ನಾನು ಹಲ್ಲು ಕಚ್ಚಿ ಹಿಡಿದೆ.

ಅಪ್ಪ ನೋಡುತ್ತಲೇ ಇದ್ದ. ಅವನ ಬಾಯಿ ನಿಧಾನ ತೆರೆಯಿತು. ಆಮೇಲೆ ಚಿತ್ರ ಒಮ್ಮೆಲೇ ವಾಲಿತು, ಫೋನು ಎಲ್ಲೋ ಬಿದ್ದಿತು. ಪರದೆಯ ಮೇಲೆ ಶಹಾಪುರದ ನಮ್ಮ ಮನೆಯ ಫ್ಯಾನು ತಿರುಗುತ್ತಿತ್ತು. ಅಪ್ಪ ಎಲ್ಲೂ ಕಾಣಲಿಲ್ಲ. ಸದ್ದು ಮಾತ್ರ ಬರುತ್ತಿತ್ತು: ಹಃ ಹಃ ಹಃ.

ನೀಲಾ ಗಾಬರಿಯಾಗಿ ಆಯಿಯ ಕಡೆ ತಿರುಗಿದಳು. "ಮಾಮಾ ನಗ್ತ? ಅಳ್ತ?"

"ನಮ್ಮ ಮನ್ಯಾಗ ಎರಡಕ್ಕೂ ಒಂದ ಸದ್ದವ್ವಾ," ಆಯಿ ಹೇಳಿದಳು. "ತಡಿ. ಗೊತ್ತಾಗ್ತದ."

ಮೂವರೂ ಆ ಫ್ಯಾನನ್ನೇ ನೋಡುತ್ತ ಕೂತೆವು.